ಕಾಲ್ಬೆರಳಿನ ಅಕ್ಷರಾಭ್ಯಾಸ

ನೀಲಮ್ಮ ಟೀಚರ್ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳುವಾಗಲೂ ಒಂಟಿಕಾಲಿನಲ್ಲೇ ನಿಂತಿರುತ್ತಿದ್ದರು. ಎರಡು ನಿಮಿಷ ಬಲಗಾಲು, ಎರಡು ನಿಮಿಷ ಎಡಗಾಲು, ಕೀಲು ಗಟ್ಟಿಯಾಗಲೆಂದು. ಮೈಲಾಪೂರಿನ ನಮ್ಮ ಹಳೆಯ ಫ್ಲ್ಯಾಟಿನಲ್ಲಿ ಅವರದು ಎದುರು ಮನೆ. ಹುಬ್ಬಳ್ಳಿ ಕಡೆಯವರು. ಇಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಿ.ಟಿ. ಹೇಳಿಕೊಟ್ಟು ನಿವೃತ್ತರಾಗಿದ್ದರು. ನೂಲಿನ ಸೀರೆಯ ಕೆಳಗೆ ಸದಾ ಬಿಳಿ ಕ್ಯಾನ್ವಾಸ್ ಶೂ.

ಹರೆಯದಲ್ಲಿ ಖೋಖೋ ಆಡುವಾಗ ಅವರ ಕಾಲು ಉಳುಕಿತ್ತಂತೆ. ಯಾರೋ ಎಣ್ಣೆ ಹಚ್ಚಿ ಎಳೆದರು. ನಾಲ್ಕನೇ ದಿನಕ್ಕೇ ಇವರು ಮತ್ತೆ ಆಟಕ್ಕಿಳಿದರು. ಅದೇ ಕಾಲು ಆಮೇಲೆ ಮೂರು ಸಲ ಉಳುಕಿತು. "ಎಲುಬಿಗೆ ಎಲುಬು ಹಿಡಿದಿಡೋ ಪಟ್ಟಿ ಇರ್ತದವಾ. ಅದು ಹರದ ಮ್ಯಾಲೆ ಎಳದು ಏನ್ ಮಾಡ್ತಿ? ಹರದ ಸೀರಿ ಎಳದ್ರ ಕೂಡ್ತದೇನು?" ಎನ್ನುತ್ತಿದ್ದರು.

ಫ್ಲ್ಯಾಟಿನಲ್ಲಿ ಯಾರ ಕಾಲು ಉಳುಕಿದರೂ ಅವರಿಗೆ ಕರೆ ಹೋಗುತ್ತಿತ್ತು. ಕಾಲಿನ ಹರಡಿನ ಎರಡೂ ಕಡೆಯ ಮೂಳೆ ಒತ್ತಿ ನೋಡುವರು, ನಾಲ್ಕು ಹೆಜ್ಜೆ ನಡೆಸುವರು. ಮೂಳೆಯ ಮೇಲೆಯೇ ನೋವಿದ್ದರೆ, ಇಲ್ಲವೇ ನಾಲ್ಕು ಹೆಜ್ಜೆ ಆಗದಿದ್ದರೆ, ಎಕ್ಸ್‌ರೇಗೆ ಕಳಿಸುವರು. ಒಮ್ಮೆ ನಮ್ಮ ಅಸೋಸಿಯೇಷನ್ ಕಾರ್ಯದರ್ಶಿ ವೆಂಕಟೇಶನ್ ಮೆಟ್ಟಿಲಲ್ಲಿ ಜಾರಿದರು. ನಾಲ್ಕು ಹೆಜ್ಜೆ ಕೇಳಿದರೆ ಪೌರುಷಕ್ಕೆ ಹನ್ನೆರಡು ನಡೆದು, ಲಿಫ್ಟಿನೊಳಗೆ ಹೋಗಿ ಕುಸಿದು ಕೂತರು. ಅಷ್ಟರಲ್ಲಿ ಮೂರನೇ ಮಹಡಿಯವರು ಗುಂಡಿ ಒತ್ತಿದರು. ಕಾರ್ಯದರ್ಶಿ ಕೂತಲ್ಲೇ ಮೇಲಕ್ಕೆ ಹೋದರು. "ಚಲೋ ಆತು," ಎಂದರು ಟೀಚರ್, "ಉಳುಕಿದ ಕಾಲು ಮ್ಯಾಲೇ ಇರಬೇಕು."

ನನ್ನ ಮದುವೆಗೆ ಮೂರು ವಾರವಿದ್ದಾಗ ನಾನು ಬಸ್ಸಿನಿಂದ ಇಳಿಯುತ್ತ ಬಲಗಾಲು ಉಳುಕಿಸಿಕೊಂಡೆ. ಹರಡು ಊದಿ ಬದನೆಕಾಯಿಯಾಯಿತು. ನನ್ನ ಸೋದರತ್ತೆ ಆಗಲೇ ಸುಳುಕ್ಕು, ಅಂದರೆ ಉಳುಕು, ಎಳೆದು ತೆಗೆಯುವ ತಮಿಳಿನವನೊಬ್ಬನನ್ನು ಕರೆಸಿಬಿಟ್ಟಿದ್ದಳು. ಅವನು ಬಂದಾಗ ಟೀಚರ್ ನಮ್ಮ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು. "ಬೇಕಾದ್ರ ನನ್ನ ಕಾಲು ಎಳೆಪ್ಪಾ," ಎಂದರು. ಅವನಿಗೆ ಕನ್ನಡ ತಿಳಿಯಲಿಲ್ಲ, ಆದರೆ ಮುಖ ತಿಳಿಯಿತು. ಹೊರಟುಹೋದ.

ನನಗೆ ಎರಡನೇ ಹೆಜ್ಜೆಯೇ ಆಗಲಿಲ್ಲ. ಎಕ್ಸ್‌ರೇ ತೆಗೆಸಿದರು. ಮೂಳೆ ಮುರಿದಿರಲಿಲ್ಲ. ಮನೆಯಲ್ಲಿ ಐಸ್ ಇಲ್ಲದ್ದಕ್ಕೆ ಫ್ರೀಜರಿನ ಹಸಿ ಬಟಾಣಿ ಪೊಟ್ಟಣವನ್ನು ಟವೆಲಿನಲ್ಲಿ ಸುತ್ತಿ ಕಾಲು ಗಂಟೆ ಇಟ್ಟರು. ಕ್ರೇಪ್ ಬ್ಯಾಂಡೇಜು ಕಟ್ಟಿ, ಕಾಲನ್ನು ನಾಲ್ಕು ದಿಂಬಿನ ಮೇಲೇರಿಸಿದರು. ಆ ಸ್ಥಿತಿಯಲ್ಲಿ ನನ್ನನ್ನು ನೋಡಲು ಹುಡುಗನ ಅಜ್ಜಿ ಬಂದರು. ನನ್ನ ಅಂಗಾಲು ನೇರ ಅವರ ಮುಖಕ್ಕಿತ್ತು.

"ಹಿರಿಯರು ಬಂದರೂ ಕಾಲು ಇಳಿಸಲ್ಲವೋ ಇವಳು?" ಎಂದರು ಅಜ್ಜಿ.

"ಮೊದಲು ಬಾವು ಇಳೀಲಿ, ಅಜ್ಜಿ. ಕಾಲು ಆಮ್ಯಾಲೆ ತಾನೇ ಇಳೀತದ," ಎಂದರು ಟೀಚರ್.

ಕೆಲವು ದಿನ ಕಳೆದ ಮೇಲೆ ಕಾಲ್ಬೆರಳಿನಿಂದ ಗಾಳಿಯಲ್ಲಿ ಎ ಬಿ ಸಿ ಡಿ ಬರೆಯಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಟೀಚರ್ ಒಪ್ಪಲಿಲ್ಲ. "ಅವೆಲ್ಲಾ ಬರೇ ಗೀಟು. ನಮ್ಮ ಅಕ್ಷರ ಬರಿ, ಕೀಲು ದುಂಡಗ ತಿರಗ್ತದ." ನನಗೆ ಕನ್ನಡ ಮಾತು ಬರುತ್ತಿತ್ತು, ಬರವಣಿಗೆ ಬರುತ್ತಿರಲಿಲ್ಲ. ಶಾಲೆಯಲ್ಲಿ ಕಲಿತದ್ದು ತಮಿಳು, ಇಂಗ್ಲಿಷ್. ಹೀಗೆ ಇಪ್ಪತ್ತೇಳನೇ ವಯಸ್ಸಿನಲ್ಲಿ ಬಲಗಾಲಿನ ಹೆಬ್ಬೆರಳಿಂದ ಅ ಆ ಇ ಈ ಕಲಿತೆ. ಋ ಬರೆಯುವಾಗ ಕಣ್ಣಲ್ಲಿ ನೀರು ಬಂತು. "ಅದನ್ನ ನಾಳೆ ಬರದ್ರ ಆತು, ಬಿಡು," ಎಂದರು. ಮುನಿದಿದ್ದ ಅಜ್ಜಿಯೂ ಮುಂದಿನ ವಾರ ಮತ್ತೆ ಬಂದು, ದಿಂಬಿನ ಪಕ್ಕ ಕೂತು, "ಆ ಣ-ಕ್ಕೆ ಹೊಟ್ಟೆ ಸಾಲದು, ಇನ್ನೊಮ್ಮೆ ಬರೆಯಮ್ಮ," ಎಂದು ತಿದ್ದತೊಡಗಿದರು.

ಮದುವೆಯ ದಿನ ರೇಷ್ಮೆ ಸೀರೆಯ ಕೆಳಗೆ ಬ್ಯಾಂಡೇಜು. ಕಾಲುಂಗುರ ತೊಡಿಸಲು ಹುಡುಗ ನನ್ನ ಪಾದ ಹಿಡಿದಾಗ ಟೀಚರ್ ಪಕ್ಕದಲ್ಲೇ ಇದ್ದರು. "ತಿರುವಬ್ಯಾಡಪಾ. ಎರಡೂ ಕೈಲೆ ಹಿಡಿ." ಅವನು ಹೆದರಿ ತಲೆಯನ್ನೇ ಎತ್ತಲಿಲ್ಲ. ಆಲ್ಬಮಿನಲ್ಲಿ ಅವನ ನೆತ್ತಿ ಮಾತ್ರ ಇದೆ. ಸಪ್ತಪದಿಯಲ್ಲಿ ಪುರೋಹಿತರ ಮಂತ್ರಕ್ಕಿಂತ ಜೋರಾಗಿ ಟೀಚರ್ "ಲೆಫ್ಟ್, ರೈಟ್" ಎಣಿಸಿದರು. ಏಳೂ ಹೆಜ್ಜೆ ನಡೆದೆ. ಏಳನೆಯದಕ್ಕೆ ಅವರು ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನೊಬ್ಬಳೇ ನೋಡಿದೆ.

ಹೋದ ವರ್ಷ ಅವರ ಹೃದಯ ಸೋತಿತು. ಆಸ್ಪತ್ರೆಯಲ್ಲಿ ನಾನು ಪಕ್ಕ ಕೂತಾಗ ಅವರು ನನ್ನನ್ನು ನೋಡುತ್ತಿರಲಿಲ್ಲ. ಮಂಚದಿಂದ ಬಗ್ಗಿ, ಓಡಾಡುತ್ತಿದ್ದ ನರ್ಸ್ ಹುಡುಗಿಯ ಚಪ್ಪಲಿ ನೋಡುತ್ತಿದ್ದರು. ಹಿಂದಿನ ಪಟ್ಟಿ ಕಿತ್ತುಹೋಗಿತ್ತು.

"ಆ ಹುಡುಗಿ ದಿನಾ ನನ್ನ ಸಲುವಾಗಿ ಓಡ್ಯಾಡ್ತದ. ಎಲ್ಲೆರೆ ಬೀಳೂದಕ್ಕಿಂತ ಮೊದಲು ಒಂದು ಜೋಡು ಕೊಡಿಸು. ಆರನೇ ನಂಬರು."

ಮರುದಿನ ಬೆಳಿಗ್ಗೆ ಹೊಸ ಜೋಡು ಹಿಡಿದು ಹೋದೆ. ಮಂಚದ ಹಾಸಿಗೆ ಬದಲಾಗಿತ್ತು. ಆ ಹುಡುಗಿ ನನ್ನ ಕೈ ಹಿಡಿದುಕೊಂಡು, ಟೀಚರ್ ರಾತ್ರಿಯೇ ಹೋಗಿಬಿಟ್ಟರು ಎಂದಳು. ನಾನು ಡಬ್ಬಿ ಕೊಟ್ಟೆ. ಅವಳು ಅಲ್ಲೇ ಕೂತು ಹಾಕಿಕೊಂಡಳು. ಸರಿಯಾಗಿತ್ತು. ಪಕ್ಕದ ವಾರ್ಡಿನಿಂದ ಯಾರೋ ಕರೆದರು, ಎದ್ದು ಹೋದಳು.