ಗೋಣು ಹಾಕುವ ತನಕ

ನಮ್ಮ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಸಾಲಿಯ ಮುಖ ಕಂಡವಳೂ ಅಲ್ಲ. ಅಂಥ ಮಕ್ಕಳಿಗೂ ಸಾಲಿ ಇರುತ್ತದೆಂದು ನಮ್ಮ ಮನೆಯವರಿಗೆ ತಿಳಿಯುವ ಹೊತ್ತಿಗೆ ಅವಳು ಸೀರೆ ಉಡತೊಡಗಿದ್ದಳು. ಹಾಗಾಗಿ ಅವಳ ಮಾತೆಲ್ಲ ಕೈಯಲ್ಲಿ. ಆ ಮಾತು ಯಾವ ಪುಸ್ತಕದಲ್ಲೂ ಇಲ್ಲ. ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅವಳು, ಅವ್ವ, ನಾನು ಮೂವರೇ ಕೂಡಿ ಮಾಡಿಕೊಂಡದ್ದು. ಮೀಸೆ ತಿರುವಿದರೆ ಅಣ್ಣ. ಮೂಗುತಿ ಮುಟ್ಟಿದರೆ ವೈನಿ, ಅಣ್ಣನ ಹೆಂಡತಿ. ಎಡಹುಬ್ಬಿನ ಮೇಲೆ ಬೆರಳೆಳೆದರೆ ನಾನು, ಚಿಕ್ಕಂದಿನಲ್ಲಿ ಬಿದ್ದ ಗಾಯದ ಗುರುತು ಅಲ್ಲಿದೆ. ಎದೆಯ ಮುಂದೆ ಒದ್ದೆ ಬಟ್ಟೆ ಹಿಂಡಿದಂತೆ ಮಾಡಿದರೆ ಸಂಕಟ. ಇಷ್ಟೇ ಸಾಮಾನು ಇಟ್ಟುಕೊಂಡು ಅಕ್ಕ ಇಡೀ ಓಣಿಯ ಸುದ್ದಿ ಹೇಳುತ್ತಿದ್ದಳು. ಮೂಲೆಮನೆಯಾಕೆ ಸೊಸೆಯ ಮೇಲೆ ಸಿಟ್ಟಾಗಿ ಹೇಗೆ ಕಾಲು ಅಪ್ಪಳಿಸುತ್ತ ನಡೆದಳು, ಸೊಸೆ ಹಿಂದಿನಿಂದ ಹೇಗೆ ಬಾಯಿ ಸೊಟ್ಟ ಮಾಡಿದಳು, ಅದನ್ನು ಕಂಡ ಹಾಲಿನವ ಹೇಗೆ ನಗು ನುಂಗಿದ, ಮೂವರೂ ಅವಳೇ ಆಗುತ್ತಿದ್ದಳು. ಓಣಿಯವರು ಅವಳನ್ನು ಮೂಗಿ ಎನ್ನುತ್ತಾರೆ. ಅವಳಷ್ಟು ಮಾತಾಡುವವರನ್ನು ನಾನಂತೂ ಕಂಡಿಲ್ಲ.

ಅವ್ವ ತೀರಿಕೊಂಡ ಮೇಲೆ ಆ ಮಾತು ಬಲ್ಲವರು ನಾವಿಬ್ಬರೇ ಉಳಿದೆವು. ಅಣ್ಣ, ವೈನಿ ಒಳ್ಳೆಯವರೇ. ಆದರೆ ಊಟ, ಸ್ನಾನ, ನಿದ್ದೆ, ಜ್ವರ, ಇದರಾಚೆ ಅವರ ಕೈ ಓಡುವುದಿಲ್ಲ. ಅಂಥ ಹೊತ್ತಿನಲ್ಲೇ ನನಗೆ ನಂದಗಡದ ಆಚೆಯ ಒಂದು ಊರಿನ ಆರೋಗ್ಯ ಕೇಂದ್ರಕ್ಕೆ ನರ್ಸ್ ಎಂದು ಆರ್ಡರ್ ಬಂತು.

ನನ್ನ ಜೊತೆ ಬಾ ಎಂದೆ. ಬಂದಳು, ಎಂಟು ದಿನ ಇದ್ದಳು. ನಾನು ಡ್ಯೂಟಿಗೆ ಹೋದರೆ ಕ್ವಾರ್ಟರ್ಸಿನ ಚಿಲಕ ಹಾಕಿಕೊಂಡು ಗೋಡೆ ನೋಡುತ್ತ ಕೂರುವುದು. ಬಾಗಿಲು ಬಡಿದರೆ ಕೇಳುವುದಿಲ್ಲ. ಒಂದು ದಿನ ನಾನೇ ತಾಸುಗಟ್ಟಲೆ ಹೊರಗೆ ನಿಂತೆ. ಬೆಳಗಾವಿಯಲ್ಲಾದರೆ ಸೀರೆಗೆ ಫಾಲ್ ಹಚ್ಚಿಸಲು ಓಣಿಯ ಹೆಂಗಸರೆಲ್ಲ ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ಒಂಬತ್ತನೆಯ ದಿನ ಬೆಳಿಗ್ಗೆ ಚೀಲ ಕಟ್ಟಿಟ್ಟು, ಬಸ್ಸಿನ ಕಂಬ ಹಿಡಿದು ಓಲಾಡುವ ಸನ್ನೆ ಮಾಡಿ ಅತ್ತಳು. ಕರೆದುಕೊಂಡು ಹೋಗಿ ಬಿಟ್ಟು ಬಂದೆ. ದಿನಾ ಸಂಜೆ ಆರಕ್ಕೆ ಮೊಬೈಲಿನಲ್ಲಿ ಮುಖ ನೋಡೋಣ ಎಂದು ಅವಳ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ವಾರಕ್ಕೊಮ್ಮೆ ಹೋಗಿ ಬರಬಾರದೇ ಎಂದು ಕೇಳುವವರಿದ್ದಾರೆ. ಹೆರಿಗೆಗಳು ಭಾನುವಾರ ನೋಡಿ ಬರುವುದಿಲ್ಲ. ತಿಂಗಳಿಗೊಮ್ಮೆ ಹೋದರೆ ನನ್ನ ಪುಣ್ಯ. ಓದು ಬಾರದವಳಿಗೆ ಮೆಸೇಜ್ ಕಳಿಸುವಂತಿಲ್ಲ, ಕಿವಿ ಕೇಳದವಳಿಗೆ ಫೋನ್ ಮಾಡುವಂತಿಲ್ಲ. ನಮಗಿದ್ದದ್ದು ವಿಡಿಯೋ ಒಂದೇ. ಅದೂ ನಿಂತರೆ ನಮ್ಮ ಅಕ್ಕನ ಜೊತೆ ಮಾತಾಡಲು ಭೂಮಿಯ ಮೇಲೆ ಇನ್ನೊಂದು ಜೀವವಿಲ್ಲ. ನನಗೆ ನೆಟ್ ಬೇಕಾದದ್ದು ಇದಕ್ಕೆ.

ಮೊದಲು ಮೊಬೈಲಿನದೇ ನೆಟ್. ಅದು ಕ್ವಾರ್ಟರ್ಸಿನ ಮಾಳಿಗೆಯ ಮೇಲೆ, ನೀರಿನ ಟಾಕಿಯ ಎಡಕ್ಕೆ, ಒಂದು ಚಾಪೆಯಷ್ಟು ಜಾಗದಲ್ಲಿ ಮಾತ್ರ ಸಿಗುತ್ತಿತ್ತು. ಕೈ ಎತ್ತಿದರೆ ಎತ್ತಿದಲ್ಲೇ ಚಿತ್ರ ನಿಲ್ಲುತ್ತಿತ್ತು. ಮಳೆ ಹಿಡಿದ ಮೇಲೆ ಛತ್ರಿ ಒಂದು ಕೈಯಲ್ಲಿ, ಮೊಬೈಲ್ ಒಂದು ಕೈಯಲ್ಲಿ. ಮಾತಾಡಲು ಕೈಯೇ ಉಳಿಯಲಿಲ್ಲ.

ಖಾನಾಪುರದ ಬಸ್ ಸ್ಟ್ಯಾಂಡಿನ ಬಾಜು ಒಬ್ಬ ಕೇಬಲ್‌ನವ ಅಂಗಡಿ ಇಟ್ಟಿದ್ದ. ಕುರ್ಚಿ ಎಳೆದು ಕೊಟ್ಟ, ಚಹಾ ತರಿಸಿದ.

"ಕುಂದರ್ರಿ ಅಕ್ಕಾರ. ನಮ್ಮ ಲೈನ್ ಅಂದ್ರ ಖಡಕ್ ಐತ್ರಿ. ಒಮ್ಮಿ ಹಾಕಿಸ್ಕೊಂಡ್ರ ನಮ್ಮನ್ನ ಮರತಽ ಬಿಡ್ತೀರಿ."

ಮರೆಯುವುದೆಲ್ಲಿ ಬಂತು, ಇವತ್ತಿಗೂ ಬೈಯುತ್ತೇನೆ. ಕರೆಂಟಿನ ಕಂಬಗಳ ಮೇಲೆ ತಂತಿ ಎಳೆದು, ಮನೆಯಲ್ಲಿ ಡಬ್ಬಿ ಕೂರಿಸಿ, ಒಂದು ಸಿನಿಮಾ ಹಚ್ಚಿ ತೋರಿಸಿದ. ಎಲ್ಲೂ ತಡವರಿಸದೆ ಓಡಿತು. ನಾನು ಖುಷಿಯಾಗಿ ವರ್ಷದ ಕರಾರಿಗೆ ಸಹಿ ಹಾಕಿದೆ. ಹೆಡ್ಡತನವೆಂದರೆ ಅದು. ಕೊಡದಲ್ಲಿ ನೀರು ತುಂಬುವುದನ್ನು ನೋಡಿದೆನೇ ಹೊರತು, ಬಗ್ಗಿಸಿದರೆ ಹೊರಗೆ ಬರುತ್ತದೋ ಇಲ್ಲವೋ ನೋಡಲಿಲ್ಲ. ಆ ಸಂಜೆ ಅಕ್ಕನ ಮುಖ ನನಗೆ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಕಂಡಿತು. ಅವಳಿಗೆ ನಾನು ಕಾಣಲಿಲ್ಲ. ಹುಬ್ಬಿಗೆ ಬೆರಳಿಟ್ಟುಕೊಂಡು ಕಲ್ಲಾದ ತಂಗಿಯೊಬ್ಬಳು ಮಾತ್ರ ಅವಳ ಮೊಬೈಲಿನಲ್ಲಿದ್ದಳು. ಅವಳು ಗಾಜಿನ ಮೇಲೆ ಬೆರಳಿನಿಂದ ನನ್ನನ್ನು ತಟ್ಟಿದಳು, ಬೈದಳು, ಕಡೆಗೆ ಮೊಬೈಲನ್ನೇ ಅಲುಗಾಡಿಸಿದಳು. ಅದೆಲ್ಲ ನನಗೆ ಸ್ವಚ್ಛವಾಗಿ ಕಾಣುತ್ತಿತ್ತು. ಏನೂ ಮಾಡಲಾಗದೆ ನೋಡುತ್ತ ಕೂತೆ.

ಮರುದಿನ ಕೇಬಲ್‌ನವನಿಗೆ ಫೋನ್ ಮಾಡಿದೆ.

"ಅದು ಹಂಗಽ ಇರತೈತ್ರಿ ಅಕ್ಕಾರ," ಎಂದ. "ನಿಮ್ಮ ಕಡೆ ಬರೂದು ಜಾಸ್ತಿ ಇಟ್ಟೇವಿ, ನಿಮ್ಮಿಂದ ಹೋಗೂದು ಕಮ್ಮಿ. ಹಳ್ಳ್ಯಾಗಿನ ಮಂದಿ ಏನ್ ಕಳಸ್ತಾರ್ರಿ? ಬರೇ ನೋಡ್ತಾರ."

"ನಾ ಕಳಸ್ಬೇಕ್ರಿ," ಎಂದೆ. "ನನ್ನ ಕೈ ಕಳಸ್ಬೇಕು."

ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ನನ್ನ ಫೋನ್ ಎತ್ತುವುದನ್ನೇ ಬಿಟ್ಟ. ಮಂಗಗಳು ತಂತಿಗೆ ಜೋತುಬಿದ್ದು ಹರಿದ ದಿನ ನನಗೆ ದುಃಖವೇನೂ ಆಗಲಿಲ್ಲ.

ಎರಡನೆಯವನು ತಂತಿಯ ರಗಳೆಯೇ ಬೇಡ ಎಂದ. ಗುಡ್ಡದ ಮೇಲಿನ ಕಂಬದಿಂದ ಗಾಳಿಯಲ್ಲೇ ಬರುತ್ತದಂತೆ. ಮಾಳಿಗೆಯ ಮೇಲೆ ಒಂದು ಸಣ್ಣ ತಟ್ಟೆ ಕೂರಿಸಿದರಾಯಿತು. ಈ ಸಲ ನಾನು ಶಾಣ್ಯಾಳಾಗಿದ್ದೆ. ಸಿನಿಮಾ ಬೇಡ, ಅಕ್ಕನಿಗೇ ಹಚ್ಚಿ ನೋಡೋಣ ಎಂದೆ. ಹಚ್ಚಿದೆವು. ಬೇಸಿಗೆಯ ದಿನ. ಇಬ್ಬರಿಗೂ ಇಬ್ಬರೂ ಕಂಡೆವು. ಅಕ್ಕ ಮೂಲೆಮನೆಯ ಸೊಸೆಯ ಆರು ತಿಂಗಳ ಸುದ್ದಿಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ನಾನು ನಕ್ಕು ನಕ್ಕು ಅತ್ತೆ.

ಜೂನ್ ತಿಂಗಳಲ್ಲಿ ಗುಡ್ಡಕ್ಕೂ ನಮ್ಮ ಮಾಳಿಗೆಗೂ ನಡುವೆ ಇದ್ದ ಸಾಗವಾನಿ ಮರಗಳು ಎಲೆ ಬಿಟ್ಟವು. ಬೇಸಿಗೆಯಲ್ಲಿ ಬೋಳಾಗಿ ನಿಂತಿದ್ದ ಅವು ಈಗ ಮೊರದಷ್ಟು ಅಗಲದ ಹಸಿರು ಎಲೆ ಹೊತ್ತವು. ನೆಟ್ ಅವುಗಳ ಹಿಂದೆ ಅಡಗಿತು. "ಮರ ಕಡದ್ರ ಬರತೈತ್ರಿ," ಎಂದ ಆಸಾಮಿ. ಮರ ಅರಣ್ಯ ಇಲಾಖೆಯದು. ಎಲೆ ಯಾವಾಗ ಉದುರುತ್ತದೆ ಎಂದು ಕೇಳಿದೆ. ಅವನಿಗೆ ನಗು ಬಂತು, ನನಗೆ ಬರಲಿಲ್ಲ. ತಟ್ಟೆ ಬಿಚ್ಚಿಸಿ ಕಳಿಸಿ, ಮಾಳಿಗೆಯ ಮೇಲಿನ ಆ ಚಾಪೆಯಷ್ಟು ಜಾಗಕ್ಕೇ ಮರಳಿದೆ.

ಆ ಮಳೆಗಾಲದಲ್ಲಿ ನಾನು ಒಂದು ನೇಮ ಮಾಡಿದೆ. ಬೆಳಗಾವಿಗೆ ಹೋದಾಗ ಅಕ್ಕನನ್ನು ಎದುರು ಕೂರಿಸಿಕೊಂಡು, ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುವಂತೆ ಕಲಿಸಿದೆ. ಒಂದು ಸನ್ನೆ ಮಾಡು. ಹಾಗೇ ತಡೆ, ಅಲ್ಲಾಡಬೇಡ. ಚಿತ್ರ ಯಾವಾಗಲೋ ನನ್ನನ್ನು ಮುಟ್ಟುತ್ತದೆ. ನಾನು ಗೋಣು ಹಾಕಿದ ಮೇಲೆ ಇನ್ನೊಂದು. ಅವಳಿಗೆ ಮೊದಲು ಸಿಟ್ಟು ಬಂತು. ಕೈ ಬೀಸಿ, ಕಣ್ಣರಳಿಸಿ, ಮೈಯೆಲ್ಲ ಕುಣಿಸಿ ಮಾತಾಡುವವಳು. ತಡೆದು ನಿಲ್ಲುವುದೆಂದರೆ ನಮಗೆ ಒಂದೊಂದೇ ಅಕ್ಷರ ಬಿಡಿಸಿ ಮಾತಾಡು ಎಂದಂತೆ. ಮೊಣಕೈ ಹಿಡಿದು, ಬೆರಳು ಹಿಡಿದು ನಿಲ್ಲಿಸಿದೆ. ಕಲಿತಳು. ನಾನು ಹೇಳಿದ್ದನ್ನು ಅವಳು ಯಾವತ್ತು ಕಲಿತಿಲ್ಲ?

ಆ ನೇಮದಲ್ಲಿ ಒಂದೂವರೆ ವರ್ಷ ನಡೆಯಿತು. ಮೂಲೆಮನೆಯ ಸೊಸೆಯ ಜಗಳ ಒಂದೊಂದೇ ಸನ್ನೆಯಲ್ಲಿ ದಾಟುವುದಿಲ್ಲ. ದಾಟುವುದು ಉಂಡೆ, ಮಲಗಿದೆ, ಆರಾಮ ಇದ್ದೇನೆ, ಬಾ. ನಾಲ್ಕು ಸನ್ನೆ ಮುಟ್ಟಿದವು ಎಂದರೆ ನಾನು ದೊಡ್ಡದೇನೋ ಗೆದ್ದಂತೆ ಮಾಳಿಗೆ ಇಳಿಯುತ್ತಿದ್ದೆ. ಏನು ಕಳೆಯುತ್ತಿದೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ಮೂರನೆಯದನ್ನು ಆರಿಸಿದ್ದು ನಮ್ಮೂರ ತುದಿಯ ಕಿರಾಣಿ ಅಂಗಡಿಯ ಅಜ್ಜಿಯಿಂದ. ಮನೆಯಲ್ಲಿ ಮರಾಠಿ, ನನ್ನ ಜೊತೆ ಎರಡೂ ಕಲಸಿ ಆಡುತ್ತಾಳೆ. ಸೂಜಿ ಚುಚ್ಚಿಸಿಕೊಳ್ಳಲು ಬಂದವಳು ನನ್ನ ಕಥೆ ಕೇಳಿ ಗದರಿದಳು.

"ಮಾರಾವ್ನ ಯಾಕ್ ಕೇಳ್ತಿ? ಲೈನಿನ ಅಖೇರಿ ಮನಿ, ಕಡೀ ಮನಿ ಯಾವ್ದೈತಿ, ಅವರನ್ನ ಕೇಳು. ನಮ್ದು ಅಖೇರಿ ಮನಿ. ಮದ್ಲಿನ್ದು, ಲಾಯಿಟ್ ಗೇಲಿ ಕಿ ನೆಟ್ ಗೇಲಂ, ಕರೆಂಟ್ ಹೋತಂದ್ರ ನೆಟ್ಟೂ ಹೋತು. ಈಗಿನ್ದು ಕರೆಂಟ್ ಹೋದ್ರೂ ಇರತೈತಿ, ಖರೇ."

ಎರಡು ವರ್ಷ ಖಾನಾಪುರ ಸುತ್ತಿ ಸವೆಸಿದ ಚಪ್ಪಲಿಗೆ ಸಿಗದ ಬುದ್ಧಿ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಸಿಕ್ಕಿತು. ಅವಳ ಮನೆಗೆ ಲೈನ್ ಎಳೆದವನನ್ನು ಕರೆಸಿದೆ. ಅವನು ಚಹಾ ಕುಡಿಸಲಿಲ್ಲ, ಖಡಕ್ ಎನ್ನಲಿಲ್ಲ. ರಸ್ತೆ ಅಗೆದರೆ ಹರಿಯುತ್ತದೆ, ಕೂಡಿಸಲು ಒಂದು ದಿನ ಬೇಕು, ಉಳಿದಂತೆ ಹೋಗುವುದೂ ಬರುವುದೂ ಸಮಸಮ ಇಟ್ಟಿದ್ದೇವೆ ಎಂದ. ತಪ್ಪು ಮೊದಲೇ ಹೇಳಿದವನು ಅವನೊಬ್ಬನೇ. ಹಾಕಿಸಿದೆ.

ಆ ಸಂಜೆ ಆರಕ್ಕೆ ಕುರ್ಚಿ ಹಾಕಿಕೊಂಡು ಕೋಣೆಯೊಳಗೇ ಕೂತೆ. ಮಾಳಿಗೆ ಬೇಡ, ಛತ್ರಿ ಬೇಡ. ಅಕ್ಕ ಬಂದಳು. ಅವಳ ರವಿಕೆಗೆ ಚುಚ್ಚಿಟ್ಟ ಸೂಜಿ ಕಂಡಿತು, ಸೂಜಿಯಲ್ಲಿದ್ದ ದಾರದ ಬಣ್ಣ ಕಂಡಿತು. ಎಷ್ಟೋ ದಿನದ ಮಾತು ನನ್ನ ಕೈಗೆ ನುಗ್ಗಿ ಬಂತು. ಅಜ್ಜಿಯ ಕಥೆ, ಮಂಗಗಳ ಕಥೆ, ಎಲ್ಲ ಹೇಳಿದೆ. ಅವಳು ನೋಡಿದಳು. ಆಮೇಲೆ ತುತ್ತು ಹಿಡಿದ ಬೆರಳುಗಳನ್ನು ಬಾಯಿಯ ಹತ್ತಿರ ತಂದಳು: ಉಂಡೆ. ಕೈ ಅಲ್ಲೇ ನಿಂತಿತು.

ಚಿತ್ರ ಸಿಕ್ಕಿಹಾಕಿಕೊಂಡಿತು ಎಂದುಕೊಂಡೆ. ಕಟ್ ಮಾಡಿ ಮತ್ತೆ ಹಚ್ಚಿದೆ. ಮತ್ತೆ ತುತ್ತು, ಮತ್ತೆ ನಿಂತಿತು. ಕಟ್ ಮಾಡಿದೆ. ಲೈನಿನವನಿಗೆ ಫೋನ್ ಹಚ್ಚಿ, ನೀನೂ ಅವರ ಜಾತಿಯವನೇ ಎಂದು ಬಾಯಿಗೆ ಬಂದಂತೆ ಬೈದೆ. ಅವನು ಪೂರ್ತಿ ಕೇಳಿಸಿಕೊಂಡು, "ಅಕ್ಕಾರ, ನಾ ಇಲ್ಲಿಂದ ನೋಡಾಕತ್ತೇನ್ರಿ, ಲೈನ್ ಛಲೋ ಐತಿ. ಇನ್ನೊಮ್ಮಿ ನೋಡ್ರಿ," ಎಂದ.

ಮೂರನೆಯ ಸಲ ಹಚ್ಚಿದೆ. ಅಕ್ಕನ ಕೈ ಬಾಯಿಯ ಹತ್ತಿರ ನಿಂತಿತ್ತು. ಕಣ್ಣು ನನ್ನ ಮೇಲಿತ್ತು. ಅವಳ ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು.

ನಾನು ಗೋಣು ಹಾಕಿರಲಿಲ್ಲ. ಅದಕ್ಕೇ ಕಾಯುತ್ತಿದ್ದಳು. ಎರಡು ಸಲ ಅವಳ ಮುಖದ ಮೇಲೆ ಬಾಗಿಲು ಹಾಕಿದ್ದೆ. ಎರಡು ಸಲವೂ ಅವಳು ಮತ್ತೆ ಬಂದು, ಅಲ್ಲಾಡದೆ ಕೂತಿದ್ದಳು.

ಗೋಣು ಹಾಕಿದೆ. ಕೈಯನ್ನು ಕೆನ್ನೆಗೆ ಕೊಟ್ಟಳು: ಮಲಗಿದೆ. ನಿಂತಳು. ಇನ್ನು ತಡೆಯುವುದು ಬೇಡ, ಮೊದಲಿನ ಹಾಗೆ ಆಡು, ಎಂದು ಎರಡೂ ಕೈ ಬೀಸಿ ಹೇಳಿದೆ. ತಿಳಿಯಿತು ಎಂದು ತಲೆ ಆಡಿಸಿದಳು. ಆರಾಮ, ಎಂದು ಎದೆಯ ಮೇಲೆ ಅಂಗೈ ಇಟ್ಟಳು. ಅಂಗೈ ಅಲ್ಲೇ ಉಳಿಯಿತು.

ಆ ವಾರ ರಜೆ ಹಾಕಿ ಬೆಳಗಾವಿಗೆ ಹೋದೆ. ಅದೇ ಹಿಂದಿನ ಕೋಣೆ, ಅದೇ ಮಂಚ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತೆವು. ಮೂಲೆಮನೆಯಾಕೆಯ ಹಾಗೆ ಕಾಲು ಅಪ್ಪಳಿಸಿ ತೋರಿಸಿ, ಏನಾಯಿತು ಎಂದು ಕೇಳಿದೆ. ಅಕ್ಕ ನನ್ನ ಹುಬ್ಬಿನ ಸನ್ನೆ ಮಾಡಿ ತಡೆದಳು. ನನ್ನ ಗೋಣಿನ ಕಡೆ ನೋಡುತ್ತಿದ್ದಳು. ಹಾಕಿದೆ. ಬಸ್ಸಿನ ಕಂಬ ಹಿಡಿದಳು, ತಡೆದಳು. ನೀನು ಬಂದೆ. ಅಷ್ಟೇ ಸುದ್ದಿ. ನಾನು ಎದೆಯ ಮುಂದೆ ಒದ್ದೆ ಬಟ್ಟೆ ಹಿಂಡಿ, ಸಂಕಟವೇ ಎಂದು ಕೇಳಿದೆ. ನನ್ನ ಕೈಗಳನ್ನು ನೋಡಿದಳು. ಎಲ್ಲೋ ಕಂಡ ಮುಖ, ಹೆಸರು ನೆನಪಾಗದು ಎನ್ನುವ ಹಾಗೆ ನೋಡಿದಳು. ಉಂಡೆ, ಎಂದಳು.

ವೈನಿ ಚಹಾ ತಂದಿಟ್ಟು, "ಈಗ ಭಾಳ ಶಾಣ್ಯಾ ಆಗ್ಯಾಳ ನೋಡ್ರೆವಾ. ಮದ್ಲಿನಂಗ ಕೈ ಬೀಸೂದು, ಗದ್ಲಾ ಹಾಕೂದು ಏನೂ ಇಲ್ಲ," ಎಂದರು. ಹೊಗಳಿಯೇ ಹೇಳಿದ್ದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗಾಯಿತು ನನ್ನ ನೆಟ್ಟಿನ ಗತಿ. ಕೊಳ್ಳೆ ಹೊಡೆದವಳೂ ನಾನೇ. ಆ ಕೇಬಲ್‌ನವನನ್ನು ಎಷ್ಟು ಬೈದರೂ ಇದು ಅವನ ಲೆಕ್ಕಕ್ಕೆ ಹೋಗುವುದಿಲ್ಲ; ಅಕ್ಕನ ಮೊಣಕೈ ಹಿಡಿದು ನಿಲ್ಲಿಸಿದ್ದು ನಾನು.

ಈಗ ಊರಿನವರು ಯಾವ ನೆಟ್ ಹಾಕಿಸೋಣ ಎಂದು ನನ್ನನ್ನು ಕೇಳಲು ಬರುತ್ತಾರೆ. ಅಖೇರಿ ಮನೆಯವರನ್ನು ಕೇಳಿ, ಹೋಗುವುದು ಬರುವುದು ಎರಡೂ ನೋಡಿಕೊಳ್ಳಿ, ಕರೆಂಟ್ ಹೋದರೆ ಏನು ಕಥೆ ವಿಚಾರಿಸಿ ಎನ್ನುತ್ತೇನೆ. ಹಾಕಿಸಿದಂದಿನಿಂದ ನನ್ನ ಲೈನ್ ಸಂಜೆ ಆರಕ್ಕೆ ಒಂದು ದಿನವೂ ಕೈಕೊಟ್ಟಿಲ್ಲ. ಗೋಡೆಯ ಡಬ್ಬಿಯಲ್ಲಿ ಹಸಿರು ದೀಪ ಉರಿಯುತ್ತದೆ, ಅಕ್ಕ ಬರುತ್ತಾಳೆ, ನಾಲ್ಕು ಸನ್ನೆ ಮಾಡುತ್ತಾಳೆ, ನಾಲ್ಕು ಸಲ ಗೋಣು ಹಾಕುತ್ತೇನೆ.

ಮೊನ್ನೆ ಒಂದು ದಿನ ಹಾಕಲಿಲ್ಲ. ಬೇಕೆಂದೇ ಹಾಕಲಿಲ್ಲ. ಸಿಟ್ಟಾಗಲಿ, ಗಾಜು ತಟ್ಟಲಿ, ಬೈಯಲಿ, ಮೊಬೈಲ್ ಹಿಡಿದು ಅಲುಗಾಡಿಸಲಿ ಎಂದು ಕಾಯುತ್ತ ಕೂತೆ. ಅಕ್ಕ ತುತ್ತು ಹಿಡಿದ ಕೈಯನ್ನು ಬಾಯಿಯ ಹತ್ತಿರವೇ ಇಟ್ಟುಕೊಂಡು ನನ್ನನ್ನು ನೋಡುತ್ತಿದ್ದಳು. ಬಹಳ ಹೊತ್ತಾಯಿತು. ಮೊಣಕೈ ನಡುಗತೊಡಗಿತು. ಇನ್ನೊಂದು ಕೈಯಿಂದ ಅದನ್ನು ಕೆಳಗಿನಿಂದ ಆನಿಸಿ ಹಿಡಿದಳು, ಇಳಿಸಲಿಲ್ಲ. ನಾನು ಗೋಣು ಹಾಕಿದೆ.