ಫಿಟ್ಟಿಂಗಿಗೆ ನಿಲ್ಲುತ್ತಿದ್ದ ಅಕ್ಕ

ಅವರ ಎರಡೂ ಭುಜಗಳ ಮೇಲೆ ಗುಂಡುಪಿನ್ನಿನ ಗೀರುಗಳಿದ್ದವು. ಕೆಲವು ಒಣಗಿ ಬೆಳ್ಳಗಾಗಿದ್ದವು, ಕೆಲವು ಆ ವಾರದವು. ಅವುಗಳನ್ನು ಅವರು ಸೊಳ್ಳೆ ಕಡಿತದಷ್ಟೂ ಲೆಕ್ಕಕ್ಕೆ ಇಟ್ಟವರಲ್ಲ. ಮುಂಬಯಿಯ ನಮ್ಮ ಫ್ಯಾಶನ್ ಕಾಲೇಜಿನಲ್ಲಿ ಅವರ ಕೆಲಸವೆಂದರೆ ನಿಲ್ಲುವುದು. ನಾವು ಅರ್ಧಂಬರ್ಧ ಹೊಲಿದು ತಂದ ಬಟ್ಟೆಯನ್ನು ಮೈಮೇಲೆ ಹಾಕಿಕೊಂಡು, ಕೈಗಳನ್ನು ಮೈಯಿಂದ ತುಸು ದೂರ ಹಿಡಿದು, ನಾವು ಪಿನ್ನು ಚುಚ್ಚಿ ಸರಿಪಡಿಸುವವರೆಗೂ ಅಲುಗದೆ ನಿಲ್ಲುವುದು. ಅದು ಎಷ್ಟು ರೂಢಿಯಾಗಿತ್ತೆಂದರೆ, ಲೋಕಲ್ ರೈಲಿಗೆ ಕಾಯುವಾಗಲೂ ಅವರ ಕೈಗಳು ಹಾಗೇ ಇರುತ್ತಿದ್ದವು.

ಎಲ್ಲರೂ ಅವರನ್ನು ದೀದಿ ಎನ್ನುತ್ತಿದ್ದರು. ನಾನೊಬ್ಬಳೇ ಅಕ್ಕ ಎನ್ನುತ್ತಿದ್ದೆ. ಎರಡನೆಯ ವರ್ಷದಲ್ಲಿ ಒಂದು ಜಾಕೆಟ್ಟಿನ ತೋಳು ಎಷ್ಟು ಸಲ ಬಿಚ್ಚಿ ಹೊಲಿದರೂ ಸುಕ್ಕುಗಟ್ಟುತ್ತಿತ್ತು. ಸುತ್ತ ಇಂಗ್ಲಿಷಿನಲ್ಲೇ ನಗುವ ಹುಡುಗಿಯರು. ನಾನು ಹಲ್ಲು ಕಚ್ಚಿ ಮನೆಮಾತಿನಲ್ಲಿ ಆ ತೋಳಿಗೆ ಶಾಪ ಹಾಕಿದೆ. ತೋಳಿನೊಳಗಿದ್ದವರು ಮೆಲ್ಲಗೆ ಕೇಳಿದರು: “ಯಾವೂರವ್ವಾ ನೀನು?”

ಮನೆ ಇಲ್ಲೇ ಜೋಗೇಶ್ವರಿಯಲ್ಲಿ, ಊರು ಧಾರವಾಡ ಎಂದೆ. ತಮ್ಮದು ವಿಜಾಪುರದ ಕಡೆ ಎಂದರು. ಗಂಡ ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದು ಇಲ್ಲೇ ತೀರಿಕೊಂಡಿದ್ದ. ಬೈಕುಲ್ಲಾದ ಚಾಳಿನಲ್ಲಿ ಒಂದೇ ಕೋಣೆಯ ಖೋಲಿಯಲ್ಲಿ ಅವರೂ ಮಗಳೂ ಇದ್ದರು. ಮಗಳು ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು.

ಫ್ಯಾಶನ್ನಿನ ಬಗ್ಗೆ ಅಕ್ಕನಿಗೆ ಯಾವ ಗೌರವವೂ ಇರಲಿಲ್ಲ. ಸಹಪಾಠಿಯೊಬ್ಬಳು ಒಂದೇ ತೋಳಿನ ಉಡುಪು ತೊಡಿಸಿದಾಗ, ಇನ್ನೊಂದು ತೋಳು ನಾಳೆ ಹಚ್ಚುತ್ತೀಯೇನು ಎಂದು ಹಿಂದಿಯಲ್ಲಿ ನಿಜವಾಗಿಯೇ ವಿಚಾರಿಸಿದ್ದರು. ಆದರೆ ಯಾರ ಕೈ ನಡುಗುತ್ತಿದೆ ಎಂಬುದು ಅವರಿಗೆ ತಕ್ಷಣ ತಿಳಿಯುತ್ತಿತ್ತು. “ಮೊದಲ ಉಸರು ಬಿಡು. ಆಮ್ಯಾಲ ಪಿನ್ನು ಚುಚ್ಚು,” ಎನ್ನುತ್ತಿದ್ದರು ನನಗೆ.

ಆ ವರ್ಷದ ಕೊನೆಗೆ ನಾನು ಎರಡು ವಿಷಯಗಳಲ್ಲಿ ಫೇಲಾದೆ. ನೆಂಟರಿಷ್ಟರ ಬಾಯಿ ಮುಚ್ಚಿಸಿ ನನ್ನನ್ನು ಈ ಕಾಲೇಜಿಗೆ ಸೇರಿಸಿದ್ದ ಅಪ್ಪ ಫೋನಿನಲ್ಲಿ ಮನೆಗೆ ಬಾ ಎಂದರು ಅಷ್ಟೆ. ನಾನು ಮನೆಗೆ ಹೋಗಲಿಲ್ಲ. ಕಾಲೇಜಿನ ಹತ್ತಿರದ ಮಾಟುಂಗ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಕೆಳಗಿನ ಹಳಿಗಳನ್ನೇ ನೋಡುತ್ತಿದ್ದೆ. ಗಾಡಿಗಳು ಬಂದವು, ಹೋದವು. ಹೆಗಲಿನಿಂದ ಯಾರೋ ಚೀಲ ತೆಗೆದುಕೊಂಡಂತಾಯಿತು. ತಿರುಗಿದರೆ ಅಕ್ಕ. ಏನಾಯಿತೆಂದು ಕೇಳಲಿಲ್ಲ. ತಮಗೆ ಹಸಿವಾಗಿದೆ, ಒಬ್ಬರೇ ಹೋಟೆಲಿಗೆ ಹೋಗಲು ನಾಚಿಕೆ ಎಂದರು. ನನ್ನ ಚೀಲ ಹೊತ್ತು ಅವರು ಮುಂದೆ, ನಾನು ಹಿಂದೆ. ಉಡುಪಿ ಹೋಟೆಲಿನಲ್ಲಿ ಇಡ್ಲಿಯನ್ನು ಬೆರಳಿನಿಂದ ಒತ್ತಿ ನೋಡುತ್ತ, ಇದನ್ನು ಊಟವೆಂದು ತಾವು ಎಂದೂ ಒಪ್ಪುವುದಿಲ್ಲ ಎಂದರು. ಏಳುವ ಮುಂಚೆ ನನ್ನ ಮುಖ ನೋಡದೆ ಹೇಳಿದರು: “ಸೋಮವಾರ ಬಾ. ನಿಂದರಾಕ ನಾ ಇರ್ತೀನಿ. ನೀ ಬರಲಿಲ್ಲಂದ್ರ ನಾ ಯಾರ ಸಲುವಾಗಿ ನಿಂದರ್ಲಿ?”

ಸೋಮವಾರ ಹೋದೆ. ಮರುಪರೀಕ್ಷೆ ಪಾಸಾದೆ.

ಕೊನೆಯ ವರ್ಷ ಐದು ಉಡುಪುಗಳನ್ನು ಹೊಲಿದು ಹೊರಗಿನ ಪರೀಕ್ಷಕರ ಮುಂದೆ ಇಡಬೇಕಿತ್ತು. ಐದಕ್ಕೂ ಅಕ್ಕನ ಮೈಯದೇ ಅಳತೆ. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಸೊಂಟದ ಹತ್ತಿರ ಬಟ್ಟೆ ಹಿಡಿದು ಪಿನ್ನು ಚುಚ್ಚುತ್ತಿದ್ದೆ. ಪಿನ್ನು ತಲೆಯವರೆಗೂ ಒಳಗೆ ಹೋಯಿತು. ಹೆದರಿ ಕೈ ತೆಗೆದೆ. ಅಕ್ಕ ಕಿಟಕಿಯಾಚೆ ನೋಡುತ್ತಲೇ ನಿಂತಿದ್ದರು, ಅವರಿಗೆ ತಿಳಿದೇ ಇರಲಿಲ್ಲ.

ಪರದೆಯ ಹಿಂದೆ ಕರೆದೊಯ್ದು ಕೇಳಿದಾಗ ತೊಟ್ಟ ಉಡುಪನ್ನು ಸರಿಸಿ ತೋರಿಸಿದರು. ನಾವು ಕತ್ತರಿಸಿ ಬುಟ್ಟಿಗೆ ಎಸೆದ ಕೋರಾ ಬಟ್ಟೆಯ ಪಟ್ಟಿಗಳನ್ನು ಆಯ್ದು ಸೊಂಟಕ್ಕೆ, ಎದೆಗೆ ಸುತ್ತು ಸುತ್ತಾಗಿ ಬಿಗಿದುಕೊಂಡಿದ್ದರು. ಬಿಚ್ಚಿದಂತೆಲ್ಲ ಅವರು ಸಣ್ಣಗಾಗುತ್ತ ಹೋದರು. ಹಲವು ತಿಂಗಳಿಂದ ಅನ್ನ ಸೇರುತ್ತಿರಲಿಲ್ಲವಂತೆ. ತಿಂದದ್ದು ನಿಲ್ಲುತ್ತಿರಲಿಲ್ಲವಂತೆ.

“ಯಾರ ಮುಂದೂ ಹೇಳಬ್ಯಾಡ ತಂಗಿ. ಅಳತಿ ತಪ್ಪಿದ್ರ ನನ್ನ ತಗೀತಾರ.”

ಅಂದೇ ಅವರ ಮಗಳಿಗೆ ಫೋನು ಮಾಡಿದೆ. ಮರುದಿನ ಅಕ್ಕ ಎಷ್ಟು ಬೇಡವೆಂದರೂ ಕೇಳದೆ ಇಬ್ಬರೂ ಅವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಸಾಲಿನಲ್ಲಿ ಕುಳಿತು, ಹಲವು ದಿನ ಒಂದೊಂದೇ ಪರೀಕ್ಷೆ ಮಾಡಿಸಿದೆವು. ಕೊನೆಗೆ ಡಾಕ್ಟರರು ಮಗಳನ್ನೂ ನನ್ನನ್ನೂ ಒಳಗೆ ಕರೆದು ಹಿಂದಿಯಲ್ಲಿ ಎಲ್ಲ ಹೇಳಿದರು. ಮಗಳು ಅಲ್ಲೇ ಗೋಡೆಗೆ ಒರಗಿಬಿಟ್ಟಳು. ಹೊರಗೆ ಬೆಂಚಿನ ಮೇಲಿದ್ದ ಅಕ್ಕ ನನ್ನ ಕೈ ಹಿಡಿದು ಕೂರಿಸಿಕೊಂಡರು. ಅವರಿಗೆ ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಆದರೂ ಕನ್ನಡದಲ್ಲೇ ಹೇಳು ಎಂದರು.

ಮನೆಯಲ್ಲಿ ಊಟ, ನಿದ್ದೆ, ಜಗಳಕ್ಕೆ ಬಳಸುವ ಕನ್ನಡ ನನ್ನದು. ಇಂಥ ಮಾತಿಗೆ ಪದವಿರಲಿಲ್ಲ. “ಹೊಟ್ಟ್ಯಾಗ ಗಂಟದ ಅಕ್ಕಾ. ಭಾಳ ದೊಡ್ಡದಾಗೇದ. ತಗಿಯಾಕ ಬರಂಗಿಲ್ಲಂತ.”

ಅವರು ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ, “ನಿನ್ನ ಪರೀಕ್ಷಾ ಯಾವಾಗ?” ಎಂದರು.

ಬಚ್ಚಿಟ್ಟದ್ದು ಕಾಲೇಜಿಗೆ ತಿಳಿಯಲು ತಡವಾಗಲಿಲ್ಲ. ಜನವರಿಯಲ್ಲಿ ಅವರ ಜಾಗಕ್ಕೆ ಅದೇ ಅಳತೆಯ ಕಿರಿಯ ಹುಡುಗಿಯೊಬ್ಬಳನ್ನು ತಂದರು. ನನ್ನ ಐದೂ ಉಡುಪುಗಳು ಅವಳಿಗೆ ಸರಿಯಾಗಿಯೇ ಕೂರುತ್ತಿದ್ದವು. ಅಕ್ಕ ಮಾತ್ರ ಫೋನು ಮಾಡಿ ಒಂದೇ ಹಟ ಹಿಡಿದರು, ಒಂದು ಅಂಗಿಗಾದರೂ ತಾವೇ ನಿಲ್ಲಬೇಕು. ಬೇಡವೆಂದು ನಾನೂ ಅತ್ತೆ, ಮಗಳೂ ಅತ್ತಳು. “ಮಲಕೊಂಡ ಸಾಯೂದು ಇದ್ದ ಅದ,” ಎಂದರು ಅಕ್ಕ.

ಐದರಲ್ಲಿ ಕಪ್ಪು ಬಣ್ಣದ ಉದ್ದನೆಯ ಅಂಗಿಯೊಂದಿತ್ತು. ಅದನ್ನು ಪೂರ್ತಿ ಬಿಚ್ಚಿ, ಬೈಕುಲ್ಲಾದ ಆ ಖೋಲಿಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂರಿಸಿ, ಆಗ ಇದ್ದ ಮೈಗೆ ಹೊಸದಾಗಿ ಕತ್ತರಿಸಿದೆ. ಮುಂದಿನ ವಾರ ಹೋದರೆ ಅದೂ ದೊಗಳೆ. ಮತ್ತೆ ಬಿಚ್ಚಿದೆ. ಮತ್ತೆ ಹೊಲಿದೆ. ಬಟ್ಟೆ ಅವರ ಹಿಂದೆ ಓಡುತ್ತಿತ್ತು, ಅವರು ಸಿಗುತ್ತಿರಲಿಲ್ಲ.

ಪರೀಕ್ಷೆಯ ದಿನ ಮಗಳು ಟ್ಯಾಕ್ಸಿಯಲ್ಲಿ ಕರೆತಂದಳು. ನಾಲ್ಕು ಉಡುಪುಗಳು ಆ ಹುಡುಗಿಯ ಮೈಮೇಲೆ ಬಂದು ಹೋದವು. ಐದನೆಯದರಲ್ಲಿ ಅಕ್ಕ ಬಂದರು. ಕೈಗಳು ಮೈಯಿಂದ ತುಸು ದೂರ, ನಿಲುವು ನೆಟ್ಟಗೆ. ಪರೀಕ್ಷಕಿಯೊಬ್ಬರು “ತಿರುಗಿ” ಎಂದರು, ಅಕ್ಕ ತಿರುಗಿದರು. ಈ ಉಡುಪು ಯಾವ ಸೈಜಿನದು ಎಂದು ಆ ಪರೀಕ್ಷಕಿ ನನ್ನನ್ನು ಕೇಳಿದರು. ಯಾವ ಸೈಜಿನದೂ ಅಲ್ಲ, ಇವರದು ಎಂದೆ. ಸೈಜಿಲ್ಲದ ಉಡುಪು ನಿಯಮದಲ್ಲಿ ಇಲ್ಲವೆಂದು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಉಳಿದ ನಾಲ್ಕರ ಮೇಲೆ ಹೇಗೋ ದಾಟಿಕೊಂಡೆ. ಹೊರಗೆ ಮೆಟ್ಟಿಲಿನ ಮೇಲೆ ಕುಳಿತು ಉಸಿರಿಗೆ ಒದ್ದಾಡುತ್ತಿದ್ದ ಅಕ್ಕನಿಗೆ ಪಾಸು ಎಂದಷ್ಟೇ ಹೇಳಿದೆ. ನನ್ನ ಗಲ್ಲ ಸವರಿದರು. ಅವರ ಬೆರಳುಗಳು ತಣ್ಣಗಿದ್ದವು.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮಗಳ ಫೋನು ಬಂತು. ಮನೆಯಲ್ಲೂ ಹಿಂದಿಯಲ್ಲೇ ಉತ್ತರಿಸುತ್ತಿದ್ದವಳು ಅಂದು ಕನ್ನಡದಲ್ಲಿ ತಡವರಿಸಿದಳು. “ಅವ್ವ ಹೋದ್ಲು ದೀದಿ. ಹೊಸಾ ಸೀರೀ ಅದ. ಬ್ಲೌಸ್ ಒಂದೂ ಆಗವಲ್ದು, ಎಲ್ಲಾ ಲೂಸ್. ನೀವು ಬರ್ತೀರಿ?”

ಪಕ್ಕದ ಖೋಲಿಯವರ ಹೊಲಿಗೆ ಮಶೀನಿನಲ್ಲಿ ಒಂದು ಬ್ಲೌಸ್ ಹೊಲಿದೆ. ಹೊರಗೆ ಗಂಡಸರು ಕಾಯುತ್ತಿದ್ದರು, ಬೇಗ ಎಂದು ಯಾರೋ ಮರಾಠಿಯಲ್ಲಿ ಹೇಳುತ್ತಿದ್ದರು. ಟೇಪು ಚೀಲದಲ್ಲೇ ಇತ್ತು, ಅದನ್ನು ಹಿಡಿದು ಅಕ್ಕನ ಹತ್ತಿರ ಹೋಗಲು ನನ್ನಿಂದ ಆಗಲಿಲ್ಲ. ಕಣ್ಣಂದಾಜಿನಲ್ಲೇ ಕತ್ತರಿಸಿದೆ. ಚಾಳಿನ ಹೆಂಗಸರು ತೊಡಿಸಿದರು. ಮಗಳು ಒಂದೊಂದೇ ಹುಕ್ಕು ಹಾಕುತ್ತ ಬಂದಳು. ಎಲ್ಲವೂ ಕೂಡಿದವು.

ಮಣ್ಣಿಗೆ ಒಯ್ದ ಮೇಲೆ ಖೋಲಿಯಲ್ಲಿ ನಾವಿಬ್ಬರೇ ಉಳಿದೆವು. ಈಗ ನನಗೆ ಕೆಲಸ ಸಿಕ್ಕಿದೆ, ಸೈಜುಗಳ ಪ್ರಕಾರ ಬಟ್ಟೆ ಕತ್ತರಿಸುತ್ತೇನೆ, ಅಪ್ಪ ಸಮಾಧಾನದಿಂದಿದ್ದಾರೆ. ಅಂದು ಸೇತುವೆಯ ಮೇಲಿಂದ ಅವರು ನನ್ನನ್ನು ಕೆಳಗಿಳಿಸಿಕೊಂಡು ಬಂದರು. ಅವರನ್ನು ಹಿಡಿದು ನಿಲ್ಲಿಸಲು ನನ್ನಿಂದ ಆಗಲಿಲ್ಲ.