ಹೊನ್ನಕ್ಕನ ಬಿಳಿ ದಾಸವಾಳ

ಹೊನ್ನಕ್ಕ, ನಿನ್ನ ಅಂಗಳದಲ್ಲಿ ಹೂ ಬಿಡುತ್ತಿರುವ ಬಿಳಿ ದಾಸವಾಳ ನಿನ್ನ ಅತ್ತೆ ನೆಟ್ಟ ಗಿಡದ್ದಲ್ಲ. ಆ ಗಿಡ ನನ್ನ ಹಿತ್ತಿಲಲ್ಲಿ ಸತ್ತುಹೋಯಿತು — ಸತ್ತುಹೋಯಿತು ಎನ್ನುವುದೂ ಒಂದು ಜಾಣತನವೇ, ನಾನೇ ಕೊಂದೆ. ನಿನ್ನಲ್ಲಿರುವುದು ಅಂಕೋಲೆಯ ನರ್ಸರಿಯಿಂದ ನಾನು ತಂದ ಗಿಡ. ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಅಕ್ಕೋರು ನಾನು.

ಕೋಡಿಬಾಗದ ನಮ್ಮ ಮನೆಗೆ ನೀನು ವಾರಕ್ಕೆರಡು ಸಲ ಬಸಳೆ, ಹರಿವೆ ತರುತ್ತಿದ್ದೆ. ಅಂಕೋಲೆಯ ದಾರಿಯಲ್ಲಿ ಸಮುದ್ರಕ್ಕೆ ಹೊಂದಿಕೊಂಡಿದ್ದ ನಿನ್ನ ಊರು ನೌಕಾನೆಲೆಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. 'ಯಾವಾಗ ಬಿಡ್ತೀರಿ?' ಎಂದು ನಿನ್ನನ್ನು ಕೇಳುತ್ತಿದ್ದೆವು, ಬಸ್ಸಿನ ಹೊತ್ತು ಕೇಳಿದ ಹಾಗೆ. ಕೊನೆಗೊಂದು ದಿನ ನಿನ್ನ ಬುಟ್ಟಿಯಲ್ಲಿ ಸೊಪ್ಪಿರಲಿಲ್ಲ, ಒಂದು ಎಣ್ಣೆ ಡಬ್ಬಿ ಇತ್ತು. ಅದರಲ್ಲಿ ಬೇರು ಬಿಟ್ಟ ದಾಸವಾಳದ ಟೊಂಗೆ.

"ಅಕ್ಕೋರೆ, ನಮ್ಮತ್ತೆ ನೆಟ್ಟ ಗಿಡದ್ದು ಇದು. ಬಿಳಿ ಹೂಗು, ಒಳಗೊಂದು ಕೆಂಪು ಬೊಟ್ಟು. ಬಾಡಿಗೆ ಕೋಣೇಲಿ ಮಣ್ಣಿಲ್ಲ. ನಮ್ಗೆ ಜಾಗ ಸಿಕ್ಕೂ ತನ ನಿಮ್ಮ ಹಿತ್ಲಲ್ಲಿ ಇರ್ಲಿ. ನೀರೊಂದು ಹಾಕ್ಕಂಡಿರಿ, ಸಾಕು."

ನಿಮ್ಮ ಮನೆಯ ಹೆಣ್ಣುಮಕ್ಕಳು ಮದುವೆಯಾಗಿ ಹೋಗುವಾಗ ಇದರದೊಂದು ಟೊಂಗೆ ಒಯ್ಯುತ್ತಾರೆ, ನಿನ್ನ ಮಗಳು ಒಯ್ದದ್ದು ಅಲ್ಲಿ ಹತ್ತಲಿಲ್ಲ, ಇನ್ನು ಉಳಿದದ್ದು ಇದೊಂದೇ ಎಂದೂ ನೀನು ಹೇಳಿದೆ. ನಾನು ಹೂಂ ಹೂಂ ಎಂದೆ. ಕಿವಿ ಎಲ್ಲಿತ್ತೋ —

ಎಲ್ಲಿತ್ತೆಂದು ಗೊತ್ತಿದೆ. ಆ ವರ್ಷ ನನಗೆ ತೋಟದ ಹುಚ್ಚು. ಹೊಸ ಮನೆ, ಹೊಸ ಕಂಪೌಂಡು. ಕಾಳಿ ನದಿ ಸಮುದ್ರ ಸೇರುವ ಕಡೆಯಿಂದ ಬೀಸುವ ಉಪ್ಪುಗಾಳಿಗೆ ಮೊದಲು ತಂದ ಗುಲಾಬಿಗಳೆಲ್ಲ ಕರಟಿಹೋದವು. ಆಮೇಲೆ ಬುದ್ಧಿ ಬಂತು. ಉಪ್ಪು ತಡೆಯುತ್ತದೆಯೇ, ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಬಾಳುತ್ತದೆಯೇ, ಬಣ್ಣ ಗೇಟಿನಿಂದ ಕಾಣುತ್ತದೆಯೇ — ಮೂರನ್ನೂ ಕೇಳಿಯೇ ಒಂದೊಂದು ಗಿಡ ಆರಿಸಿದೆ. ಗೇಟಿನ ಮೇಲೆ ಕಾಗದದ ಹೂವಿನ ಬಳ್ಳಿ, ಗೋಡೆಯುದ್ದಕ್ಕೆ ಕಣಗಿಲೆ, ಮೆಟ್ಟಿಲ ಬದಿಗೆ ಕೆಂಪು ಕೇಪಳ, ನೆರಳಿದ್ದಲ್ಲಿ ಕ್ರೋಟನ್. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ನಾನು ಕಿಟಕಿಯಿಂದ ಅವರನ್ನು ನೋಡುತ್ತಿದ್ದೆ, ಅಷ್ಟು ಜಂಬ. ಅಂಥ ಬಣ್ಣಗಳ ನಡುವೆ ನಿನ್ನ ಬಡಕಲು ಬಿಳಿ ದಾಸವಾಳಕ್ಕೆ ಜಾಗ ಎಲ್ಲಿಯದು? ಹಿಂದೆ, ಮೀನು ತೊಳೆಯುವ ಕಲ್ಲಿನ ಪಕ್ಕ ನೆಟ್ಟೆ.

ಅಲ್ಲಿ ಅದು ಚೆನ್ನಾಗಿಯೇ ಬಂತು. ಮೀನು ತೊಳೆದ ನೀರನ್ನು ಗಿಡದ ಬುಡಕ್ಕೆ ಸುರಿಯುವುದು ನಮ್ಮಲ್ಲಿ ಎಲ್ಲರ ರೂಢಿ. ದಿನವೂ ಬೀಳುವ ಆ ನೀರಿಗೆ ಎರಡನೆಯ ವರ್ಷ ಗಿಡ ನನ್ನ ಎದೆಯೆತ್ತರ ಬೆಳೆಯಿತು. ಆ ಮೇ ತಿಂಗಳಲ್ಲಿ ಮಳೆಗಾಲಕ್ಕೆಂದು ಭರಣಿ ತುಂಬ ಬಂಗಡೆಗೆ ಉಪ್ಪು ಹಾಕಿಟ್ಟೆ. ಉಪ್ಪುಮೀನು ಬಿಟ್ಟ ನೀರನ್ನು ದಿನಾ ಬಸಿದು ಬಸಿದು ಅದೇ ಬುಡಕ್ಕೆ ಸುರಿದೆ. ಮೀನಿನ ನೀರಲ್ಲವೇ, ಒಳ್ಳೆಯದೇ ಎಂದು ಕೈ ತನ್ನ ಪಾಡಿಗೆ ಸುರಿಯಿತು. ಮುಂದಿನ ಅಂಗಳಕ್ಕೆ ಗಾಳಿಯ ಉಪ್ಪನ್ನೂ ಲೆಕ್ಕ ಹಾಕಿ ಗಿಡ ಆರಿಸಿದವಳು ನಾನು! ಎಲೆ ಹಳದಿಯಾದಾಗ ಬಿಸಿಲಿಗೆ ಎಂದುಕೊಂಡು ಇನ್ನೊಂದು ತಂಬಿಗೆ ಸುರಿದೆ. ಎಲೆಯೆಲ್ಲ ಉದುರಿದ ದಿನ ಕಾಂಡವನ್ನು ಉಗುರಿನಿಂದ ಕೆರೆದು ನೋಡಿದೆ. ಒಳಗೆ ಹಸಿರಿರಲಿಲ್ಲ. ಬುಡದವರೆಗೂ ಕೆರೆದೆ, ಎಲ್ಲಿಯೂ ಇರಲಿಲ್ಲ.

ಅದೇ ವಾರ ನಿನ್ನ ಮಗ ಬಂದು, ಹೊಸ ಕಾಲೊನಿಯಲ್ಲಿ ನಿಮ್ಮ ಮನೆ ಎದ್ದಿದೆ, ಮಳೆ ಹಿಡಿದ ಕೂಡಲೇ ಆಯಿ ಗಿಡಕ್ಕೆ ಬರುತ್ತಾಳೆ ಎಂದು ಹೇಳಿ ಹೋದ. ಆಗಲೇ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ — ಆದರೆ ನಾನು ಮರುದಿನ ಅಂಕೋಲೆಗೆ ಹೋದೆ.

ನರ್ಸರಿಯವನಿಗೆ ನನ್ನ ಗುರುತಿತ್ತು. "ಅಕ್ಕೋರೆ, ಬಿಳಿ ಯಾಕೆ? ದಾಸವಾಳದಲ್ಲಿ ಹತ್ತು ಬಣ್ಣ ಅದೆ, ನೋಡಿ" ಅಂದ. ನಾನು ಬಣ್ಣ ನೋಡಲಿಲ್ಲ, ಎತ್ತರ ನೋಡಿದೆ. ನನ್ನ ಎದೆಗೆ ಬರುವಂಥದ್ದೊಂದನ್ನು ಆರಿಸಿದೆ. ಹೂವಿರಲಿಲ್ಲ, ಮೊಗ್ಗೂ ಇರಲಿಲ್ಲ. ತಂದು ಅದೇ ಕಲ್ಲಿನ ಪಕ್ಕ ಹೊಸ ಮಣ್ಣು ಹಾಕಿ ನೆಟ್ಟೆ. ಸತ್ತದ್ದನ್ನು ಬಚ್ಚಲೊಲೆಗೆ ಹಾಕಿದೆ.

ನೀನು ಬಂದೆ. ಗಿಡದ ಮುಂದೆ ಕುಕ್ಕುರುಗಾಲಲ್ಲಿ ಕೂತು ಎಲೆಗಳ ಮೇಲೆ ಕೈಯಾಡಿಸಿದೆ. "ಅದೇ ಅಲ್ದ ಅಕ್ಕೋರೆ?" ಎಂದು ಕೇಳಿದೆ — ಅನುಮಾನದಿಂದಲ್ಲ, ಖುಷಿಗೆ.

"ಅದೇ ಹೊನ್ನಕ್ಕ" ಎಂದೆ.

ಎರಡೇ ಮಾತು. ನೀನು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. ಉಪ್ಪುನೀರು ಸುರಿದ ಕೈ ಅದು.

ಆ ದಸರೆಗೆ ನೀನು ನನ್ನನ್ನು ಹೊಸ ಮನೆಗೆ ಊಟಕ್ಕೆ ಕರೆದೆ. ನೀನು ಒಯ್ದು ಅಂಗಳದಲ್ಲಿ ನೆಟ್ಟ ಗಿಡ ಹೂ ಬಿಟ್ಟಿತ್ತು, ಅಚ್ಚ ಬಿಳಿ. ಒಳಗೆ ಕೆಂಪು ಬೊಟ್ಟು ಇರಲಿಲ್ಲ. ಸಿಕ್ಕಿಬಿದ್ದೆ ಎಂದುಕೊಂಡೆ. ದೇವರಾಣೆಗೂ ಹೇಳುತ್ತೇನೆ, ಅರೆಗಳಿಗೆ ನನಗೆ ಸಮಾಧಾನವೂ ಆಯಿತು. ಆದರೆ ನೀನು ಹೂವನ್ನು ಬೆರಳಿನಿಂದ ಬಗ್ಗಿಸಿ ತೋರಿಸುತ್ತ ಹೇಳಿದ್ದೇ ಬೇರೆ. "ಊರು ಬಿಟ್ರೆ ಗಿಡಕ್ಕೂ ಬಣ್ಣ ಇಳೀತದೆ, ನೋಡಿ ಅಕ್ಕೋರೆ. ನಮ್ಮಂಗೇ."

ನಾನು ತಲೆಯಾಡಿಸಿದೆ. ಮೊದಲ ಸುಳ್ಳಿಗಿಂತ ಆ ತಲೆಯಾಡಿಸಿದ್ದೇ ನನ್ನನ್ನು ಹೆಚ್ಚು ಸುಡುತ್ತದೆ. ನನ್ನ ಬೇಜವಾಬ್ದಾರಿಯನ್ನು ನಿನ್ನ ಊರಿನ ದುಃಖಕ್ಕೆ ಸೇರಿಸಿ, ನೀನು ಬಡಿಸಿದ ಪಾಯಸ ಉಂಡು ಬಂದೆ.

ಮುಂದಿನ ತಿಂಗಳು ನಿನ್ನ ಮೊಮ್ಮಗಳ ಮದುವೆ. ಅವಳು ಒಯ್ಯುವ ಟೊಂಗೆಯನ್ನು ನಾನೇ ಕಡಿದು ಕೊಡಬೇಕಂತೆ. ಗಿಡ ಉಳಿದದ್ದು ಅಕ್ಕೋರ ಕೈಯಿಂದ ಎಂದು ಹೇಳಿ ಕಳಿಸಿದ್ದೀಯೆ. ನಿನ್ನ ಮಗ ಹೀಗೆಂದು ಹೋದ ರಾತ್ರಿಯೇ ಈ ಕಾಗದ ಬರೆಯಲು ಕೂತೆ.

ಬರುತ್ತೇನೆ ಹೊನ್ನಕ್ಕ, ಮದುವೆಗಲ್ಲ, ಈ ಭಾನುವಾರವೇ. ಈ ಕಾಗದವನ್ನು ಓದಿ ಹೇಳುವುದಿಲ್ಲ, ನಿನ್ನ ಎದುರು ಕೂತು ಬಾಯಲ್ಲೇ ಹೇಳುತ್ತೇನೆ. ಆಮೇಲೆ ಆ ಟೊಂಗೆ ಒಯ್ಯುವುದೋ ಬಿಡುವುದೋ ನೀನೂ ನಿನ್ನ ಮೊಮ್ಮಗಳೂ ಕೂಡಿ ನೋಡಿಕೊಳ್ಳಿ. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ.

ಒಂದನ್ನು ಮಾತ್ರ ನೀನು ತಿಳಿಯಲೇಬೇಕು. ಸಾಯುವ ಮೊದಲು ನಿನ್ನ ಗಿಡ ನನ್ನ ಹಿತ್ತಿಲಲ್ಲಿ, ಆ ಮೀನಿನ ಕಲ್ಲಿನ ಪಕ್ಕ, ಎರಡು ಸಲ ಹೂ ಬಿಟ್ಟಿತ್ತು. ಕೆಂಪು ಬೊಟ್ಟು ಹಾಗೆಯೇ ಇತ್ತು, ಹೊನ್ನಕ್ಕ. ನಾನು ನೋಡಿದ್ದೆ.